ಕಣ್ಣಿನ ಪೊರೆ: ಹಣ್ಣಾಗುವವರೆಗೆ ಕಾಯಬೇಕೇ?

ಕಳೆದ ನವೆಂಬರ್ ತಿಂಗಳಲ್ಲಿ ಸಂಘದ ಕಛೇರಿಯಲ್ಲಿ ನಡೆದ ಒಂದು ತಪ್ಪಿನಿಂದ ಈ ಲೇಖನವನ್ನು ಆರಂಭಿಸುತ್ತೇನೆ. ತಪ್ಪು ನನ್ನದೇ ಆದ್ದರಿಂದ ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಸದಸ್ಯರೊಬ್ಬರು ತಂದ ರಾಶಿ ಅಡಿಕೆಯನ್ನು ತೂಗಿ ನಮ್ಮ ಹುಡುಗ ಚೀಟಿ ಬರೆದುಕೊಟ್ಟ. ಚೀಟಿಯಲ್ಲಿದ್ದುದು 83 ಕಿಲೋ. ಕಂಪ್ಯೂಟರಿಗೆ ಹಾಕುವ ಮೊದಲು ಪುಸ್ತಕಕ್ಕೆ ಏರಿಸುವ ಹಳೆಯ ಪದ್ಧತಿಯನ್ನು ನಾನಿನ್ನೂ ಬಿಟ್ಟಿಲ್ಲ. ಹಾಗೆ ಏರಿಸಿ ನಾನು ರಸೀದಿ ಹರಿದುಕೊಟ್ಟದ್ದು 33 ಕಿಲೋಗೆ. ಅರ್ಧ ಕ್ವಿಂಟಾಲ್ ರಾಶಿ ಎಂದರೆ ಈಗಿನ ಧಾರಣೆಯಲ್ಲಿ ಎಷ್ಟು ಹಣವೆಂದು ನಮ್ಮ ಓದುಗರಿಗೆ ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ. ಆ ಸದಸ್ಯರು ಮನೆಗೆ ಹೋಗಿ ರಸೀದಿ ನೋಡಿ, ಮರುದಿನ ಮೊದಲ ಬಸ್ಸಿಗೇ ಬಂದರು. ಜಗಳವಾಡಲಿಲ್ಲ. ಚೀಟಿ ಹುಡುಕಿ ತಪ್ಪು ಸರಿಪಡಿಸಿದ ಮೇಲೆ, "ಕಾರ್ಯದರ್ಶಿಗಳೇ, ಒಮ್ಮೆ ಕಣ್ಣು ತೋರಿಸಿಕೊಳ್ಳಿ" ಎಂದಷ್ಟೇ ಹೇಳಿ ಕಾಫಿ ಕುಡಿದು ಹೋದರು. ಅವರು ಗದರಿಸಿದ್ದರೆ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಒಂದೂವರೆ ವರ್ಷದಿಂದ ನನಗೆ ಅನುಮಾನವಿತ್ತು. ಎರಡು ಸಲ ಕನ್ನಡಕ ಬದಲಾಯಿಸಿದ್ದೆ. ಕಛೇರಿಯ ದೀಪಕ್ಕೆ ಹೆಚ್ಚು ಬೆಳಕಿನ ಬಲ್ಬು ಹಾಕಿಸಿದ್ದೆ. ತೋಟದ ನೆರಳಿನಲ್ಲಿ ಓಡಾಡುವಾಗ ಏನೂ ತೊಂದರೆಯಿಲ್ಲ. ಕಾಫಿ ಒಣಗಿಸುವ ಕಣಕ್ಕೆ ಬಂದು ಬಿಸಿಲಿಗೆ ನಿಂತರೆ ಎಲ್ಲವೂ ಬಿಳಿಚಿಕೊಂಡು ಎದುರಿಗಿರುವ ಆಳಿನ ಮುಖವೂ ಗುರುತು ಹತ್ತುತ್ತಿರಲಿಲ್ಲ. ರಾತ್ರಿ ಘಾಟಿಯಲ್ಲಿ ಎದುರು ಬರುವ ಲಾರಿಯ ದೀಪ ಕಣ್ಣಿನಲ್ಲಿ ಸಿಡಿದು ಹರಡಿದಂತಾಗಿ, ರಸ್ತೆಯ ಅಂಚು ಕಾಣದೆ ಗಾಡಿ ನಿಲ್ಲಿಸಿಬಿಡುತ್ತಿದ್ದೆ. ಸೆಪ್ಟೆಂಬರಿನಲ್ಲಿ ಬೋರರ್ ಹಿಡಿದ ಅರೇಬಿಕಾ ಗಿಡಗಳನ್ನು ಗುರುತು ಮಾಡುವಾಗ ಕಾಂಡದ ಮೇಲಿನ ಏಣು ಕಣ್ಣಿಗೆ ಕಾಣದೆ ಕೈಯಿಂದ ಸವರಿ ಪತ್ತೆ ಹಚ್ಚುತ್ತಿದ್ದೆ. ಅದನ್ನು ಅನುಭವದ ಜಾಣತನವೆಂದು ಆಳುಗಳ ಮುಂದೆ ತೋರಿಸಿಕೊಂಡದ್ದೂ ಉಂಟು.

ನಮ್ಮ ಪೇಟೆಯಲ್ಲಿ ಹಲವು ವರ್ಷಗಳಿಂದ ಕಣ್ಣಿನ ಡಾಕ್ಟರೊಬ್ಬರಿದ್ದಾರೆ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಚಿಕ್ಕ ದವಾಖಾನೆ. ಪರೀಕ್ಷೆ, ಔಷಧ, ಕನ್ನಡಕದ ನಂಬರು ಎಲ್ಲ ಅಲ್ಲಿಯೇ. ವಾರಕ್ಕೊಂದು ದಿನ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರಲ್ಲಿ ತಾವೇ ಆಪರೇಶನ್ ಮಾಡುತ್ತಾರೆ. ಅವರು ಪಾಪೆ ಹಿಗ್ಗುವ ಹನಿ ಹಾಕಿ ಅರ್ಧ ಗಂಟೆ ಕೂರಿಸಿ, ಯಂತ್ರದಲ್ಲಿ ನೋಡಿ, "ಎರಡೂ ಕಣ್ಣಿಗೆ ಪೊರೆ ಇದೆ, ಬಲಗಣ್ಣಿನದು ಮುಂದುವರಿದಿದೆ" ಎಂದರು. ನಾನು ಪದವೀಧರ, ನಾಲ್ಕು ಪುಸ್ತಕ ಓದಿದವನು. ಆದರೂ ನನ್ನ ಬಾಯಿಂದ ಬಂದ ಮೊದಲ ಮಾತು, "ಇನ್ನೂ ಹಣ್ಣಾಗಿಲ್ಲವಲ್ಲ ಡಾಕ್ಟರೇ?" ಎಂಬುದೇ. ಅವರು ನಕ್ಕು, "ಇದೇನು ರೋಬಸ್ಟಾ ಕೊಯ್ಲೇ?" ಎಂದರು.

ಈ ಹಣ್ಣಾಗುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮ ಸೀಮೆಯಲ್ಲಿ ಕಣ್ಣು ಕಳೆದುಕೊಂಡವರಲ್ಲಿ ಹಲವರು ಕಳೆದುಕೊಂಡದ್ದು ಈ ಮಾತಿನಿಂದಲೇ ಎಂದು ನನಗೆ ಅನ್ನಿಸುತ್ತದೆ. ಪೊರೆ ಎಂಬ ಶಬ್ದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ತೆಳ್ಳಗಿನದು ಕಟ್ಟಿಕೊಂಡಿದೆ, ಬಲಿತ ಮೇಲೆ ಸುಲಭವಾಗಿ ಸುಲಿದು ಬರುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಕಣ್ಣಿನ ಒಳಗೆ, ಪಾಪೆಯ ಹಿಂದೆ, ದೇವರು ಕೊಟ್ಟ ಒಂದು ಮಸೂರವಿದೆ. ಹುಟ್ಟುವಾಗ ಅದು ಗಾಜಿನಂತೆ ತಿಳಿಯಾಗಿರುತ್ತದೆ. ವಯಸ್ಸಾದಂತೆ ಮೊದಲು ಹಳದಿಗಟ್ಟಿ, ಆಮೇಲೆ ಕಂದಾಗಿ, ಕೊನೆಗೆ ಬೆಳ್ಳಗೆ ಮಬ್ಬಾಗುತ್ತದೆ. ಲಾಂದ್ರದ ಗಾಜಿಗೆ ಮಸಿ ಹಿಡಿದರೆ ಒರೆಸಬಹುದು. ಇಲ್ಲಿ ಗಾಜೇ ಮಬ್ಬಾಗಿರುತ್ತದೆ. ಆದುದರಿಂದ ಯಾವ ಹನಿಯಾಗಲಿ, ಜೇನುತುಪ್ಪವಾಗಲಿ, ಗಿಡಮೂಲಿಕೆಯ ರಸವಾಗಲಿ ಇದನ್ನು ಕರಗಿಸಲಾರದು. ಸಕ್ಕರೆ ಕಾಯಿಲೆ, ಧೂಮಪಾನ, ಕಣ್ಣಿಗೆ ಬಿದ್ದ ಪೆಟ್ಟು, ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್ ಔಷಧ ಇವುಗಳಿಂದ ಪೊರೆ ಬೇಗ ಬರುತ್ತದೆ. ನನಗೆ ಅರವತ್ತಾಗುವ ಮೊದಲೇ ಬಂದದ್ದಕ್ಕೆ ಹತ್ತು ವರ್ಷದ ಸಕ್ಕರೆ ಕಾಯಿಲೆ ಕಾರಣವಿರಬಹುದೆಂದರು.

ಮತ್ತೊಂದು ಮೋಸವುಂಟು. ಪೊರೆ ಕಟ್ಟುವ ಒಂದು ಹಂತದಲ್ಲಿ ಕೆಲವರಿಗೆ ಹತ್ತಿರದ ದೃಷ್ಟಿ ತಾನಾಗಿ ಸುಧಾರಿಸುತ್ತದೆ. ನನ್ನ ತಾಯಿ ಎಪ್ಪತ್ತನೆಯ ವಯಸ್ಸಿನಲ್ಲಿ ಕನ್ನಡಕ ತೆಗೆದಿಟ್ಟು ಪಂಚಾಂಗ ಓದಲು ತೊಡಗಿದಾಗ ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ, ಸಂತೋಷ. ಅದು ಪೊರೆಯ ಮುನ್ಸೂಚನೆ ಎಂಬುದು ತಿಳಿದದ್ದು ಎರಡು ವರ್ಷದ ನಂತರ.

ಹಣ್ಣಾಗಲಿ ಎಂದು ಹಿರಿಯರು ಕಾಯುತ್ತಿದ್ದುದು ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ಆಗ ಮಬ್ಬಾದ ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು, ಅದರ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ನಮ್ಮ ಅಜ್ಜಿಗೆ ಆಪರೇಶನ್ ಆದದ್ದು ಡಾ. ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ. ಕರ್ನಾಟಕದ ಊರೂರು ಸುತ್ತಿ ಬಡವರ ಕಣ್ಣು ತೆರೆಸಿದ, 1968ರಲ್ಲಿ ಪದ್ಮಭೂಷಣ ಪಡೆದ ಆ ಮಹನೀಯರನ್ನು ಹಳಬರು ಮರೆತಿರಲಾರರು. ಶಾಲೆಯ ಕೊಠಡಿಯಲ್ಲಿ ಚಾಪೆಯ ಮೇಲೆ ಸಾಲಾಗಿ ಮಲಗಿದ್ದ ಮುದುಕ ಮುದುಕಿಯರು, ಕಣ್ಣಿಗೆ ಪಟ್ಟಿ, ತಲೆ ಅಲ್ಲಾಡಬಾರದೆಂದು ಇಕ್ಕೆಲದಲ್ಲಿ ಮರಳಿನ ಚೀಲ. ಅಜ್ಜಿ ಹಾಗೆ ಒಂದು ವಾರ ಮಲಗಿದ್ದಳು. ಆಮೇಲೆ ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿದರೆ ಲೋಕವೆಲ್ಲ ದೊಡ್ಡದಾಗಿ ಹತ್ತಿರಕ್ಕೆ ಬಂದಂತೆ. ಮೆಟ್ಟಿಲು ಎಲ್ಲಿದೆಯೋ ಅಲ್ಲಿ ಕಾಲು ಬೀಳುತ್ತಿರಲಿಲ್ಲ. ಒಂದು ಕಣ್ಣು ಚೆನ್ನಾಗಿರುವಾಗ ಇನ್ನೊಂದಕ್ಕೆ ಇಂಥ ಚಿಕಿತ್ಸೆ ಯಾರು ಮಾಡಿಸಿಕೊಂಡಾರು? ಆದುದರಿಂದಲೇ ಪೂರ್ತಿ ಕಾಣದಾಗುವವರೆಗೆ ಕಾಯುತ್ತಿದ್ದರು.

ಈಗಿನ ಪದ್ಧತಿಯ ಎರಡು ಮುಖ್ಯ ಸಂಗತಿಗಳ ಕಥೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನ ಚಾಲಕರ ಕಣ್ಣಿಗೆ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಸಿಡಿದು ಒಳಹೊಕ್ಕಿದ್ದವು. ಆ ಚೂರುಗಳು ಕಣ್ಣಿನೊಳಗೇ ಇದ್ದರೂ ಕಣ್ಣು ಅವನ್ನು ಸಹಿಸಿಕೊಂಡಿರುವುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಹಾಗಿದ್ದರೆ ಅದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿ ಏಕೆ ಇಡಬಾರದು ಎಂದು ಯೋಚಿಸಿ 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ಪ್ರಯೋಗ ಮಾಡಿದರು. ಎರಡನೆಯದು ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅವರದು. ಹಲ್ಲಿನ ಡಾಕ್ಟರು ಹಲ್ಲಿನ ಪಾಚಿ ತೆಗೆಯಲು ಬಳಸುವ ಶಬ್ದಾತೀತ ಕಂಪನದ ಉಪಕರಣ ನೋಡಿ, ಇದೇ ಕಂಪನದಿಂದ ಪೊರೆಯನ್ನು ಕಣ್ಣಿನೊಳಗೇ ಪುಡಿಮಾಡಿ ಹೀರಿ ತೆಗೆಯುವ ಉಪಾಯವನ್ನು ಅವರು 1967ರಲ್ಲಿ ತಂದರು. ಇದನ್ನೇ ಫೇಕೋ ಎನ್ನುತ್ತಾರೆ. ಮೂರು ಮಿಲಿಮೀಟರಿಗಿಂತ ಚಿಕ್ಕ ಗಾಯ, ಸಾಮಾನ್ಯವಾಗಿ ಹೊಲಿಗೆಯಿಲ್ಲ. ಮೊದಲು ಲೆನ್ಸ್ ವಿದೇಶದಿಂದ ಬರಬೇಕಾಗಿ ಬಡವರಿಗೆ ಎಟುಕುತ್ತಿರಲಿಲ್ಲ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಮಧುರೈಯಲ್ಲಿ ಕಟ್ಟಿದ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ತಮ್ಮದೇ ಲೆನ್ಸ್ ಕಾರ್ಖಾನೆ ತೆರೆದ ಮೇಲೆ ಬೆಲೆ ಬಹಳ ಇಳಿಯಿತು.

ಈ ಪದ್ಧತಿಗೆ ಬೇಕಾದುದು ಮೆದುವಾದ ಪೊರೆ. ಹಣ್ಣಾಗಿ ಗಟ್ಟಿಯಾದಷ್ಟೂ ಪುಡಿಮಾಡಲು ಕಷ್ಟ, ಕಣ್ಣಿಗೆ ಶ್ರಮ ಹೆಚ್ಚು. ಕೆಲವೊಮ್ಮೆ ಗಾಯ ದೊಡ್ಡದು ಮಾಡಿ ಕೈಯಿಂದಲೇ ತೆಗೆಯಬೇಕಾಗುತ್ತದೆ. ಕೈ ಆಪರೇಶನ್ ಎಂದರೆ ಕೀಳೆಂದು ತಿಳಿಯಬಾರದು. ಪಳಗಿದ ಕೈಯಲ್ಲಿ ಅದರ ಫಲವೂ ಚೆನ್ನಾಗಿಯೇ ಇರುತ್ತದೆ, ಖರ್ಚೂ ಕಡಿಮೆ. ಅಂತೂ ಹಣ್ಣು ಮಾಡಿಸಿಕೊಂಡು ಹೋದವರಿಗೆ ಈಗ ಯಾವ ಲಾಭವೂ ಇಲ್ಲ.

ನಷ್ಟ ಮಾತ್ರ ಆಗಬಹುದು. ನಮ್ಮ ದೊಡ್ಡಪ್ಪನವರ ವಿಷಯ ಇದು. ಬಲಗಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಈ ವರ್ಷ ಕೊನೆಕೊಯ್ಲು ಮುಗಿಯಲಿ, ಮುಂದಿನ ವರ್ಷ ಮೊಮ್ಮಗಳ ಮದುವೆ ಮುಗಿಯಲಿ, ಹೇಗೂ ಇನ್ನೂ ಹಣ್ಣಾಗಿಲ್ಲ ಎಂದು ದೂಡುತ್ತಾ ಬಂದರು. ಒಂದು ಆಷಾಢದ ರಾತ್ರಿ ವಿಪರೀತ ತಲೆನೋವು, ವಾಂತಿ. ಪಿತ್ತ ಕೆರಳಿದೆ ಎಂದು ಜೀರಿಗೆ ಕಷಾಯ, ನಿಂಬೆ ಶರಬತ್ತು ಆಯಿತು. ಕಣ್ಣು ಕೆಂಡದಂತಾದದ್ದನ್ನು ಕಂಡರೂ ಅದು ತಲೆನೋವಿನಿಂದ ಎಂದುಕೊಂಡರು. ಹೊರಗೆ ಮಳೆ, ಹಳ್ಳ ತುಂಬಿ ಸಾರ ದಾಟುವಂತಿರಲಿಲ್ಲ. ಮೂರನೆಯ ದಿನ ಡಾಕ್ಟರ ಬಳಿ ಕರೆದೊಯ್ದಾಗ, ಬಲಿತ ಪೊರೆ ಉಬ್ಬಿ ಕಣ್ಣಿನೊಳಗಿನ ನೀರಿನ ದಾರಿ ಕಟ್ಟಿಹೋಗಿ, ಒತ್ತಡ ಏರಿ ನರವೇ ಸತ್ತಿದೆ ಎಂದರು. ಪೊರೆ ತೆಗೆದು ನೋವು ನಿಲ್ಲಿಸಿದರು. ದೃಷ್ಟಿ ಬರಲಿಲ್ಲ. ಪೊರೆಯಿಂದ ಹೋದ ದೃಷ್ಟಿ ಆಪರೇಶನ್ನಿನಿಂದ ಬರುತ್ತದೆ. ನರ ಸತ್ತು ಹೋದದ್ದು ಬರುವುದಿಲ್ಲ. ದೊಡ್ಡಪ್ಪ ಕೊನೆಯವರೆಗೂ ಆ ಪಕ್ಕದಿಂದ ಬಂದವರನ್ನು ಧ್ವನಿಯಿಂದಲೇ ಗುರುತಿಸುತ್ತಿದ್ದರು. 2015ರಿಂದ 2019ರವರೆಗೆ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಕುರುಡುತನದಲ್ಲಿ ಶೇಕಡಾ 66ರಷ್ಟಕ್ಕೆ ಪೊರೆಯೇ ಕಾರಣ.

ಇನ್ನು ನನ್ನ ಆಪರೇಶನ್ನಿನ ವಿಷಯ. ಬೆಂಗಳೂರಿನಲ್ಲಿರುವ ಮಗ, "ಹಳ್ಳಿಯ ಡಾಕ್ಟರ ಕೈಗೆ ಕಣ್ಣು ಕೊಡುತ್ತೀರಾ?" ಎಂದು ಹಟ ಹಿಡಿದು ಅಲ್ಲಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಹೆಸರು ಬೇಡ. ಡಾಕ್ಟರು ನನ್ನನ್ನು ನೋಡಿದ್ದು ಐದು ನಿಮಿಷ; ಲೆನ್ಸಿನ ದರಪಟ್ಟಿ ಹಿಡಿದ ಹುಡುಗಿಯೊಬ್ಬಳು ಮಾತಾಡಿದ್ದು ಮುಕ್ಕಾಲು ಗಂಟೆ. ಹತ್ತಿರ, ದೂರ ಎರಡೂ ಕನ್ನಡಕವಿಲ್ಲದೆ ಕಾಣುವ ಲೆನ್ಸೇ ನನಗೆ ತಕ್ಕದ್ದೆಂದು ಅವಳ ತೀರ್ಮಾನ. ಅದರ ಬೆಲೆ ಕೇಳಿ ನನಗೆ ಹೊಸ ಪಲ್ಪರ್ ಕೊಂಡ ನೆನಪಾಯಿತು. ವಾಪಸು ಬಂದು ನಮ್ಮ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ದಿನವಿಡೀ ಮಾಡುವ ಕೆಲಸವೇನು?" ತೋಟ ಸುತ್ತುವುದು, ಗಾಡಿ ಓಡಿಸುವುದು, ಸಂಜೆ ಲೆಕ್ಕ ಎಂದೆ. ಬಹುದೃಷ್ಟಿಯ ಆ ಲೆನ್ಸಿನಲ್ಲಿ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ, ಘಾಟಿಯಲ್ಲಿ ಗಾಡಿ ಓಡಿಸುವ ನಿಮಗೆ ದೂರಕ್ಕೆ ಹೊಂದಿಸಿದ ಸಾಧಾರಣ ಲೆನ್ಸ್ ಸಾಕು, ಲೆಕ್ಕ ಬರೆಯಲು ಕನ್ನಡಕ ಹಾಕಿಕೊಳ್ಳಿ ಎಂದರು. ನನ್ನ ಹಿಂದೆಯೇ ಬಂದ ನಮ್ಮೂರಿನ ಹೆಂಗಸೊಬ್ಬರು ಅಡಿಕೆ ಸುಲಿಯುವವರು. ಮೆಟ್ಟುಗತ್ತಿಯ ಅಲಗು ಸ್ಪಷ್ಟವಾಗಿ ಕಂಡರೆ ಸಾಕೆಂದರು. ಅವರಿಗೆ ಹತ್ತಿರಕ್ಕೆ ಹೊಂದಿಸಿದ್ದನ್ನು ಇಟ್ಟರು. ಈ ಪ್ರಶ್ನೆಯನ್ನು ಕೇಳದೆ ಲೆನ್ಸ್ ಮಾರುವವರ ಬಳಿ ನಾನಂತೂ ಇನ್ನು ಹೋಗಲಾರೆ.

ಆಪರೇಶನ್ನಿಗೆ ಮೊದಲು ರಕ್ತದೊತ್ತಡ, ಸಕ್ಕರೆ ನೋಡಿದರು. ಸಕ್ಕರೆ ಹತೋಟಿಗೆ ಬರಲು ಎರಡು ವಾರ ಮುಂದೂಡಿದರು. ಕಣ್ಣಿನ ಉದ್ದವನ್ನೂ ಮುಂಭಾಗದ ಬಾಗನ್ನೂ ಯಂತ್ರದಿಂದ ಅಳೆದು ಲೆನ್ಸಿನ ನಂಬರು ಲೆಕ್ಕ ಹಾಕುತ್ತಾರೆ. ಈ ಅಳತೆ ತಪ್ಪಿದರೆ ಆಪರೇಶನ್ ಎಷ್ಟು ಚೆನ್ನಾಗಿ ಆದರೂ ಕಾಣುವುದು ಮಸುಕೇ. ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಒಯ್ದು ತೋರಿಸಬೇಕು. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಹೇಳಬೇಕೆಂಬುದು ನಿಮಗೆ ಗೊತ್ತಿರಬಹುದು. ಆದರೆ ಗಂಡಸರು ಹೇಳಲು ಸಂಕೋಚಪಡುವ ಇನ್ನೊಂದುಂಟು: ಮೂತ್ರ ಕಟ್ಟುವ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್. ಅದನ್ನು ನುಂಗುವವರಲ್ಲಿ ಆಪರೇಶನ್ ನಡೆಯುತ್ತಿರುವಾಗ ಪಾಪೆ ಸರಿಯಾಗಿ ಹಿಗ್ಗದೆ ಸಡಿಲವಾಗಿ ಅಲುಗಾಡುತ್ತದೆ. ಮುಂಚೆಯೇ ತಿಳಿದಿದ್ದರೆ ಡಾಕ್ಟರು ಸಿದ್ಧರಾಗಿರುತ್ತಾರೆ. ತಾವಾಗಿ ಯಾವ ಗುಳಿಗೆಯನ್ನೂ ನಿಲ್ಲಿಸಬಾರದು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಕಾಫಿಯೆಲ್ಲ ಕ್ಯೂರಿಂಗ್ ವರ್ಕ್ಸಿಗೆ ಹೋದ ಮೇಲೆ, ಬಲಗಣ್ಣಿಗೆ ಆಪರೇಶನ್ ಆಯಿತು. ಹನಿಯ ಮೇಲೆ ಹನಿ ಹಾಕಿದರು. ಕಣ್ಣಿನ ಪಕ್ಕಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಒಂದು ಕೊಟ್ಟರು. ನೋವೆಂದರೆ ಅದೊಂದೇ, ಜೇನ್ನೊಣ ಕಚ್ಚಿದಷ್ಟು. ಕೆಲವರಿಗೆ ಹನಿಯಿಂದಲೇ ಆಗುತ್ತದಂತೆ. ಮುಖಕ್ಕೆ ಬಟ್ಟೆ ಮುಚ್ಚಿದಾಗ ಸ್ವಲ್ಪ ಉಸಿರುಗಟ್ಟಿದಂತಾಗಿ ಭಯವಾಯಿತು. ಆಮೇಲೆ ಕಂಡದ್ದು ಬೆಳಕು, ಬಣ್ಣಗಳು, ನೀರಿನೊಳಗಿಂದ ನೋಡಿದ ಹಾಗೆ. ಕೇಳಿದ್ದು ಯಂತ್ರದ ಗುಂಯ್ ಶಬ್ದ. ಡಾಕ್ಟರು ನಡುವೆ ಈ ವರ್ಷದ ಹೂಮಳೆಯ ವಿಷಯ ಕೇಳಿದರು, ತಲೆ ಆಡಿಸಬೇಡಿ ಎಂದೂ ಅವರೇ ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎರಡು ಗಂಟೆ ಕೂತಿದ್ದು, ಇಡ್ಲಿ ತಿಂದು, ಕಪ್ಪು ಕನ್ನಡಕ ಹಾಕಿಕೊಂಡು ಸಂಜೆಗೆ ಮನೆ ಸೇರಿದೆ. ಅಜ್ಜಿಯ ಮರಳಿನ ಚೀಲಗಳು ನೆನಪಾದವು.

ಮರುದಿನ ಪೇಟೆಯ ದವಾಖಾನೆಯಲ್ಲಿ ಪಟ್ಟಿ ಬಿಚ್ಚಿದರು. ಎದುರಿನ ಗೋಡೆ ಇಷ್ಟು ಬೆಳ್ಳಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಉಗ್ರಾಣದಲ್ಲಿದ್ದ ಮೈಲುತುತ್ತಿನ ಚೀಲ ಬಿಚ್ಚಿ ನೋಡಿದೆ. ಬಲಗಣ್ಣಿನಿಂದ ನೋಡಿದರೆ ನೀಲಿ, ಎಡಗಣ್ಣಿನಿಂದ ನೋಡಿದರೆ ಹಸಿರು ಕಲಸಿದ ಕೊಳಕು ನೀಲಿ. ಆಗ ನನಗೆ ಒಂದು ಯೋಚನೆ ಬಂದು ಮನಸ್ಸಿಗೆ ಕಸಿವಿಸಿಯಾಯಿತು. ವಿಶ್ರಾಂತಿ ಮುಗಿದು ಕಛೇರಿಗೆ ಹೋದ ದಿನವೇ ಕಪಾಟಿನಲ್ಲಿದ್ದ ಬೆಟ್ಟೆಯ ಮಾದರಿ ಪೊಟ್ಟಣಗಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಮಂಕಾಗಿ ಕಪ್ಪಿಟ್ಟಂತೆ ಕಂಡ ಅಡಿಕೆ ಬಲಗಣ್ಣಿಗೆ ಒಳ್ಳೆಯ ಕೆಂಪು ಬಣ್ಣದ್ದು. ಕಳೆದ ಎರಡು ಹಂಗಾಮಿನಲ್ಲಿ ನಾನು "ಚೊಗರು ಸರಿಯಾಗಿ ಹಿಡಿದಿಲ್ಲ, ಬಣ್ಣ ಸಾಲದು" ಎಂದು ಹೇಳಿ ಕಳುಹಿಸಿದ ಸದಸ್ಯರು ಎಷ್ಟು ಮಂದಿಯೋ! ತೂಕದ ತಪ್ಪಿಗೆ ಚೀಟಿ ಇತ್ತು, ಇದಕ್ಕೆ ಯಾವ ಚೀಟಿ? ಇನ್ನೂ ಮಾರಾಟವಾಗದೆ ಉಳಿದ ಲಾಟುಗಳನ್ನು ಮಾತ್ರ ಇಬ್ಬರು ನಿರ್ದೇಶಕರ ಎದುರಿನಲ್ಲಿ ಮರುಪರೀಕ್ಷೆ ಮಾಡಿಸಿದ್ದೇನೆ.

ಆಮೇಲಿನ ಪಥ್ಯದ ಬಗ್ಗೆ ಜನ ಇಲ್ಲದ್ದೆಲ್ಲ ಹೇಳುತ್ತಾರೆ. ಬದನೆಕಾಯಿ ಬೇಡ, ಮೊಸರು ಬೇಡ ಎಂಬುದಕ್ಕೆಲ್ಲ ಆಧಾರವಿಲ್ಲ. ಬೇಕಾದುದು ಇಷ್ಟು: ಕೈ ತೊಳೆದು ಹೊತ್ತಿಗೆ ಸರಿಯಾಗಿ ಹನಿ ಹಾಕುವುದು, ಕಣ್ಣುಜ್ಜದಿರುವುದು, ಡಾಕ್ಟರು ಹೇಳುವವರೆಗೆ ತಲೆಗೆ ನೀರೆರೆದು ಕಣ್ಣಿಗೆ ನೀರು ಬೀಳಿಸದಿರುವುದು, ಭಾರ ಎತ್ತದಿರುವುದು. ಹನಿ ನಾಲ್ಕರಿಂದ ಆರು ವಾರ, ದಿನಕ್ಕೆ ಹಾಕುವ ಸಲ ಕ್ರಮವಾಗಿ ಇಳಿಯುತ್ತಾ ಹೋಗುತ್ತದೆ. ನನ್ನ ಹೆಂಡತಿ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಲೆಕ್ಕವಿಟ್ಟಳು. ನಮ್ಮ ಕಸುಬಿಗೆ ಸಂಬಂಧಿಸಿದ್ದೆಂದರೆ ಅಡಿಕೆ ಬೇಯಿಸುವ ಒಲೆಯ ಹೊಗೆ, ಮೆಣಸು ತುಳಿಸುವ ಕಣದ ಧೂಳು, ಬೋರ್ಡೋ ಸಿಂಪಡಣೆ ಇವುಗಳಿಂದ ಕೆಲವು ವಾರ ದೂರವಿರಬೇಕು. (ಆಪರೇಶನ್ ಆಗಿರಲಿ ಬಿಡಲಿ, ಸುಣ್ಣ ಕಣ್ಣಿಗೆ ಸಿಡಿದರೆ ಮೊದಲು ಅಲ್ಲಿಯೇ ಅರ್ಧ ಗಂಟೆ ಶುದ್ಧ ನೀರಿನಿಂದ ತೊಳೆದು ಆಮೇಲೆ ಡಾಕ್ಟರ ಬಳಿ ಓಡಿ. ಸುಣ್ಣ ಸುಟ್ಟ ಕಣ್ಣು ಪೊರೆಗಿಂತ ಕೆಟ್ಟದ್ದು.) ನೋವು ಹೆಚ್ಚಿದರೆ, ಕೆಂಪೇರಿದರೆ, ಕಾಣುತ್ತಿದ್ದುದು ಮಸುಕಾದರೆ ಬೆಳಗಾಗಲೆಂದು ಕಾಯದೆ ಅಂದೇ ಹೋಗಬೇಕು. ಅಪರೂಪಕ್ಕಾದರೂ ಕಣ್ಣಿನೊಳಗೆ ಕೀವಾಗುವ ಅಪಾಯ ಇದ್ದೇ ಇದೆ. ಊರ ಹತ್ತಿರದ ಡಾಕ್ಟರನ್ನು ನಾನು ಆರಿಸಿದ್ದಕ್ಕೆ ದೊಡ್ಡ ಕಾರಣ ಇದೇ. ಆರನೆಯ ದಿನ ಕಣ್ಣು ಸ್ವಲ್ಪ ಕೆಂಪಾದಾಗ ಜೀಪಿನಲ್ಲಿ ಅರ್ಧ ಗಂಟೆಯಲ್ಲಿ ಅವರ ಮುಂದಿದ್ದೆ. ಏನೂ ಆಗಿರಲಿಲ್ಲ, ಹನಿಯ ಬಾಟಲಿ ಬದಲಿಸಿ ಕಳುಹಿಸಿದರು. ಬೆಂಗಳೂರಿನಲ್ಲಿ ಮಾಡಿಸಿದ್ದರೆ ಆ ರಾತ್ರಿ ನಾನು ನಿದ್ದೆ ಮಾಡುತ್ತಿರಲಿಲ್ಲ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ಲೆನ್ಸಿನ ಹಿಂದಿನ ಚೀಲ ಮಬ್ಬಾಗುವುದುಂಟು. ಪೊರೆ ಮತ್ತೆ ಬಂತೆಂದು ಹೆದರಬೇಕಾಗಿಲ್ಲ. ದವಾಖಾನೆಯಲ್ಲಿಯೇ ಕುಳ್ಳಿರಿಸಿ ಲೇಸರಿನಿಂದ ಸರಿಮಾಡುತ್ತಾರೆ.

ಮಳೆಗಾಲದಲ್ಲಿ ಮಾಡಿಸಬಾರದೇ ಎಂದು ಹಲವರು ಕೇಳಿದ್ದಾರೆ. ಡಾಕ್ಟರ ಪ್ರಕಾರ ಋತುವಿನ ಅಡ್ಡಿ ಏನೂ ಇಲ್ಲ. ಆದರೆ ಹಳ್ಳ ದಾಟಿ ಬರಬೇಕಾದವರು ಮರುದಿನದ ಮತ್ತು ವಾರದ ಪರೀಕ್ಷೆಗೆ ತಪ್ಪದೆ ಬರಲು ಸಾಧ್ಯವೇ ಎಂದು ಯೋಚಿಸಿ ದಿನ ಗೊತ್ತುಮಾಡಿಕೊಳ್ಳಬೇಕು.

ಖರ್ಚಿನ ವಿಷಯ: ಲೆನ್ಸ್, ಔಷಧ ಎಲ್ಲ ಸೇರಿ ನನಗೆ ತಗುಲಿದ್ದು 24,000 ರೂಪಾಯಿ. ನಾನು ರಸೀದಿಯಲ್ಲಿ ನುಂಗಿಹಾಕಿದ್ದ ಅರ್ಧ ಕ್ವಿಂಟಾಲ್ ಅಡಿಕೆಗೆ ಹೆಚ್ಚುಕಡಿಮೆ ಸಮ! ಇಷ್ಟು ಕೊಡಲಾಗದವರು ಹಿಂಜರಿಯಬೇಕಾಗಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ. ನಮ್ಮ ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಗಿ, 2022ರ ನಂತರ ಮತ್ತೆ ಜೀವ ಪಡೆದ ಯಶಸ್ವಿನಿ ಯೋಜನೆಯ ಕಾರ್ಡು ಇರುವವರು, ಹೊರಡುವ ಮೊದಲೇ ಆಸ್ಪತ್ರೆಯ ಹೆಸರು ಮತ್ತು ಮಾಡಿಸಬೇಕಾದ ಚಿಕಿತ್ಸೆ ಪಟ್ಟಿಯಲ್ಲಿವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಲಿ. ತೋಟದ ಆಳುಗಳನ್ನೂ ಮರೆಯಬಾರದು. ನಮ್ಮ ಲೈನಿನಲ್ಲಿದ್ದ ವಯಸ್ಸಾದ ಆಳೊಬ್ಬಳು ಹಸಿರು ಕಾಯಿಯನ್ನೂ ಹಣ್ಣಿನ ಜೊತೆ ಕೊಯ್ಯುತ್ತಾಳೆಂದು ನಾನೇ ಎಷ್ಟೋ ಸಲ ಬೈದಿದ್ದೇನೆ. ಈಗ ಅವಳನ್ನೂ ತೋರಿಸಿಕೊಂಡು ಬಂದೆ. ಎರಡೂ ಕಣ್ಣಿಗೆ ಪೊರೆ.

ನನ್ನ ಎಡಗಣ್ಣಿನ ಆಪರೇಶನ್ ಮೊದಲ ಔಷಧಿ ಸಿಂಪಡಣೆ ಮುಗಿದ ಮೇಲೆ, ಜೂನ್ ಮೂರನೆಯ ವಾರಕ್ಕೆ ನಿಶ್ಚಯವಾಗಿದೆ. ಆ ಹತ್ತು ದಿನ ಗೊಬ್ಬರದ ಪರ್ಮಿಟ್ ಮತ್ತು ಮುಂಗಡದ ಅರ್ಜಿಗಳನ್ನು ಸಹಾಯಕ ಕಾರ್ಯದರ್ಶಿಗಳು ನೋಡಿಕೊಳ್ಳುತ್ತಾರೆ. ತಮ್ಮ ಬೆಟ್ಟೆಯ ಬಣ್ಣದ ಬಗ್ಗೆ ಕಳೆದ ಎರಡು ಹಂಗಾಮಿನಲ್ಲಿ ನನ್ನಿಂದ ಮಾತು ಕೇಳಿದ ಸದಸ್ಯರು ಯಾರಾದರೂ ಇದ್ದರೆ ದಯವಿಟ್ಟು ಅದಕ್ಕೆ ಮುಂಚೆ ಕಛೇರಿಗೆ ಬರಬೇಕು.